ಮೂರೂವರೆ ಮೊಳದ ಬಾಗಿಲು

ಆ ಕಾರು ವಾಡೆಯ ಒಳಗೆ ಬಂದದ್ದು ಎತ್ತು ಎಳೆದು. ಊರ ಗೌಡರ ತಂದೆಯ ಕಾಲದ ಸಣ್ಣ ವಿಲಾಯತಿ ಗಾಡಿ ಅದು. ಎರಡು ಬಾಗಿಲು, ಕಪ್ಪೆಗಣ್ಣಿನಂಥ ಎರಡು ದೀಪ, ಸೈಕಲ್ ಗಾಲಿಗಿಂತ ಒಂದಿಷ್ಟು ದಪ್ಪ ಅನ್ನಬಹುದಾದ ಗಾಲಿ. ಕೆಟ್ಟು ಕಣದಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದವು, ತಗಡಿನ ಮೇಲೆ ಸಗಣಿಯ ಕುಳ್ಳು ಒಣಗುತ್ತಿದ್ದವು. ಹೊಸ್ತಿಲಿಗೆ ಎರಡೂ ಕಡೆ ಹಲಗೆ ಕೊಟ್ಟು ಎಳೆಸಿದಾಗ ತಲಬಾಗಿಲಲ್ಲಿ ಎಲ್ಲಿಯೂ ತಾಗದೆ ಒಳಗೆ ಬಂತು. ನಾನು ಹಿಂದಿನಿಂದ ನೂಕುತ್ತಿದ್ದೆ. ಬದಿಗೆ ಎಷ್ಟು ಜಾಗ ಉಳಿಯಿತು ಅಂತ ನೋಡಲಿಲ್ಲ. ನೋಡಿದ್ದರೆ ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಗೌಡರ ಕೋಟೆಯಂಥ ಆ ಮನೆ, ವಾಡೆ, ಇದ್ದದ್ದು ಬಸವನ ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದು ಕಲ್ಲು ಸಿಮೆಂಟಿನ ಲಾರಿಗಳು ಹಗಲೆಲ್ಲ ಓಡಾಡುತ್ತಿದ್ದವು. ಹಳ್ಳಿಯ ದಾರಿ ದೊಡ್ಡ ರಸ್ತೆಗೆ ಕೂಡುವಲ್ಲಿ ಒಂದು ಬೇವಿನ ಗಿಡ, ಒಂದು ಚಾದಂಗಡಿ, ಅದರ ಪಕ್ಕ ಮೂಲೆಯಲ್ಲಿ ಗೌಡರ ಒಂದು ತುಂಡು ಖಾಲಿ ಜಾಗ. ಲಾರಿ ಕೆಟ್ಟರೆ ಅಲ್ಲಿಂದ ಆಚೆ ಈಚೆ ಮೈಲಿಗಟ್ಟಲೆ ಒಬ್ಬ ಮಿಸ್ತ್ರಿ ಸಿಗುತ್ತಿರಲಿಲ್ಲ. ಆ ಜಾಗದಲ್ಲಿ ನನ್ನದೇ ಒಂದು ಗ್ಯಾರೇಜು ಹಾಕಬೇಕು ಅನ್ನುವುದು ನನ್ನ ತಲೆಯಲ್ಲಿ ಹೊಕ್ಕಿತ್ತು. ಹೊಕ್ಕಿತ್ತು ಅಂದರೆ ಉಣ್ಣುವಾಗಲೂ ಅದೇ.

ನಾನು ಇಂಡಿಯವನು. ಐದನೇ ಇಯತ್ತೆಗೆ ಸಾಲಿ ಬಿಟ್ಟು ಸಿಂದಗಿಯ ಒಂದು ಗ್ಯಾರೇಜು ಸೇರಿದೆ. ಹದಿನಾರು ವರ್ಷ ಇನ್ನೊಬ್ಬರ ತಗಡಿನ ಕೆಳಗೆ ಮಲಗಿ ಇನ್ನೊಬ್ಬರ ಗಾಡಿ ಬಿಚ್ಚಿದೆ. ಕೆಲಸ ಮಾತ್ರ ಹೆಸರು ತರುವಂತೆ ಮಾಡಿದೆ. ಬೋಲ್ಟಿನ ತಲೆ ನೋಡಿದರೆ ಯಾವ ಪಾನಾ ಕೂಡುತ್ತದೆ ಅಂತ ಹೇಳುತ್ತಿದ್ದೆ, ಮುಟ್ಟಿ ನೋಡುವ ಅಗತ್ಯ ಬೀಳುತ್ತಿರಲಿಲ್ಲ. ಮೊಳ, ಗೇಣು, ಬೆರಳು, ಇವಿಷ್ಟೇ ನನ್ನ ಅಳತೆ. ಟೇಪು ಹಿಡಿಯುವವರನ್ನು ಕಂಡರೆ ನಗು ಬರುತ್ತಿತ್ತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿ ಇಂಡಿಯಲ್ಲಿ ತವರಿನಲ್ಲೇ ಇದ್ದಳು. ನನ್ನದು ಅನ್ನುವ ಒಂದು ಜಾಗ ಆದ ಮೇಲೆ ಕರೆದೊಯ್ಯುತ್ತೇನೆ ಅಂತ ಮಾವನ ಮುಂದೆ ನಾನೇ ಹೇಳಿದ್ದೆ. ಹೇಳು ಅಂತ ಯಾರೂ ಕೇಳಿರಲಿಲ್ಲ.

ಗೌಡರು ಒಮ್ಮೆ ತಮ್ಮ ಟ್ರ್ಯಾಕ್ಟರ್ ರಿಪೇರಿಗೆ ನನ್ನನ್ನು ಕರೆಸಿದರು. ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕೂರಿಸಿ ಒಂದು ಮಡಚಿದ ಕಾಗದ ಬಿಚ್ಚಿ ತೋರಿಸಿದರು. ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ಸಿಕ್ಕ ಪರದೇಶದ ಪುಸ್ತಕದ ಹಾಳೆ. ಒಂದು ಹಳೇ ಸಣ್ಣ ಕಾರು, ಮೇಲಿನ ಛತ್ತು ಕತ್ತರಿಸಿ ಗಿಡ್ಡ ಮಾಡಿದ್ದಾರೆ, ಇಂಜಿನ್ನಿಗೆ ಮುಚ್ಚಳವೇ ಇಲ್ಲ, ಹಿಂದಿನ ಗಾಲಿ ಲಾರಿಯವು. ಅದಕ್ಕೆ ಆ ಕಡೆ ಹಾಟ್ ರಾಡ್ ಅನ್ನುತ್ತಾರೆ ಅಂತ ಗೌಡರು ಓದಿ ಹೇಳಿದರು. ತಮ್ಮ ಕಣದಲ್ಲಿ ನಿಂತದ್ದನ್ನು ಹಾಗೆ ಮಾಡಲು ಆಗುತ್ತದೆಯೇ ಅಂತ ಕೇಳಿದರು. ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಡ್ರೈವರನಿಗೆ ಅವರು ಆಗಲೇ ಸವಾಲು ಹಾಕಿಯಾಗಿತ್ತು, ಒಂದು ದಿನ ನಿನ್ನನ್ನು ದಾರಿಯಲ್ಲೇ ಹಿಂದೆ ಹಾಕಿ ಹೋಗುತ್ತೇನೆ ಅಂತ.

ಆಗುತ್ತದೆ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮರುದಿನ, ಸಾಮಾನು ಕಳುವಾಗದಿರಲಿ ಅಂತ ಗೌಡರು ಗಾಡಿಯನ್ನು ವಾಡೆಯೊಳಗೆ ಎಳೆಸಿದ ಮೇಲೆ, ಚಾದಂಗಡಿಯಲ್ಲಿ ಹತ್ತು ಮಂದಿಯ ಮುಂದೆ, ಗೌಡರೂ ಇದ್ದಾಗ, ನನ್ನ ಬಾಯಿ ಸುಮ್ಮನಿರಲಿಲ್ಲ.

“ಎತ್ತ ಎಳಕೊಂಡ ಬಂದ ಗಾಡಿ ಐತಿ,” ಅಂದೆ. “ವಾಡೇದಿಂದ ಹೊರಗ ಹೋಗುವಾಗ ತಾನ ಓಡಿ ಹೋಗತೈತಿ. ಒಬ್ರೂ ಕೈ ಹಚ್ಚೂದ ಬ್ಯಾಡ.”

ಗೌಡರಿಗೆ ಅದು ಬಹಳ ಹಿಡಿಸಿತು. “ಹಂಗ ತಾನ ಓಡಿ ಹೊರಗ ಬಂದ ದಿನ ಈ ಮೂಲಿ ನಿಂದ ಮಿಸ್ತ್ರಿ,” ಅಂದರು. “ಆದ್ರ ಅಲ್ಲೀತನಕ ಬ್ಯಾರೆ ಗಾಡಿ ಮುಟ್ಟಬ್ಯಾಡ.”

ಹೀಗೆ ನಾನು ಆ ವಾಡೆಯೊಳಗೆ ಸೇರಿಕೊಂಡೆ. ಒಳ ಅಂಗಳದಲ್ಲಿ ಕೆಲಸ, ಪಡಸಾಲೆಯ ಮೂಲೆಯಲ್ಲಿ ನನ್ನ ಹಾಸಿಗೆ, ಎರಡು ಹೊತ್ತು ರೊಟ್ಟಿ. ನಾಲ್ಕೂ ಕಡೆ ಎರಡಾಳೆತ್ತರದ ಮಣ್ಣಿನ ಗೋಡೆ. ತಲೆ ಎತ್ತಿದರೆ ಕರವಸ್ತ್ರದಷ್ಟು ಆಕಾಶ.

ಚಡಚಣದ ಕಡೆ ಒಂದು ದ್ರಾಕ್ಷಿ ತೋಟದಲ್ಲಿ ಮುರಿದು ಬಿದ್ದ ಜೀಪಿನ ಇಂಜಿನ್ ತಂದೆವು. ಇಂಜಿನ್ನಿನ ಜೊತೆ ಅದರ ಎರಡೂ ಅಚ್ಚುಗಳನ್ನೂ ತಂದೆವು, ಅಷ್ಟು ಜೋರಿನ ಇಂಜಿನ್ನನ್ನು ಹಳೇ ಅಚ್ಚು ತಾಳುತ್ತಿರಲಿಲ್ಲ. ಕಾರಿನ ಛತ್ತನ್ನು ಚಾಣ ಸುತ್ತಿಗೆಯಿಂದ ಕಡಿದು ತೆಗೆದೆ. ಆ ತಗಡನ್ನು ಗೌಡರ ತಾಯಿ ಸಂಡಿಗೆ ಒಣಹಾಕಲು ಮಾಳಿಗೆಗೆ ಒಯ್ದರು. ಹಳೇ ಅಚ್ಚುಗಳನ್ನು ನಾನೇ ಕಂಬಾರನಿಗೆ ಕೊಟ್ಟೆ, ನೇಗಿಲ ಕುಡ ಮಾಡಿಕೊಳ್ಳಲಿ ಅಂತ. ಇನ್ನು ಇವು ಯಾರಿಗೆ ಬೇಕು ಅಂದಿದ್ದೆ.

ಜೀಪಿನ ಅಚ್ಚು ಹಾಕಿ ಲಾರಿಯ ಗಾಲಿ ಹಚ್ಚಿದರೆ ಗಾಡಿ ಅಗಲವಾಗುತ್ತದೆ, ಅದು ನನಗೆ ಗೊತ್ತಿತ್ತು. ಅದಕ್ಕೇ ಕೆಲಸ ಹಿಡಿಯುವ ಮುಂಚೆ ಗೌಡರನ್ನು ಬಾಗಿಲಿನ ಅಳತೆ ಕೇಳಿದ್ದೆ. ಕೇಳಬೇಕಾಗಿಯೂ ಇರಲಿಲ್ಲ. ಬಂದವರಿಗೆಲ್ಲ ಗೌಡರು ಆ ಬಾಗಿಲಿನ ಕಥೆ ಹೇಳುತ್ತಿದ್ದರು. ಮುತ್ತಜ್ಜ ಆಯ ನೋಡಿಸಿ, ಮನೆಯ ಯಜಮಾನನ ತೋಳಿನಿಂದಲೇ ಅಳೆಸಿ ಇಡಿಸಿದ ಚೌಕಟ್ಟು, ಅಗಲ ಮೂರೂವರೆ ಮೊಳ, ಮೇಲೆ ಕೆತ್ತಿದ ಗಜಲಕ್ಷ್ಮಿ. ಆ ಚೌಕಟ್ಟಿನ ಒಂದು ಚೂರು ಅಲುಗಿದರೂ ಮನೆ ಅಲುಗಿದ ಹಾಗೆ ಅಂತ ಗೌಡರ ತಾಯಿ ಅನ್ನುತ್ತಿದ್ದರು. ಮೂರೂವರೆ ಮೊಳ ಕೇಳಿದೆ, ನನ್ನ ತೋಳು ಚಾಚಿದೆ, ಗಾಡಿಯ ಅಗಲವನ್ನು ಮೂರು ಮೊಳದ ಮೇಲೆ ಆರು ಬೆರಳಿಗೆ ನಿಲ್ಲಿಸಿದೆ. ಚಾದಂಗಡಿಯವನು ಒಮ್ಮೆ ಟೇಪು ಹಿಡಿದು ನೋಡಿದಿಯೋ ಇಲ್ಲವೋ ಅಂದಾಗ, ಟೇಪು ದರ್ಜಿಯವರಿಗೆ ಬೇಕು ಅಂದಿದ್ದೆ.

ನಾಲ್ಕನೇ ತಿಂಗಳಿಗೆ ಗಾಡಿ ತನ್ನ ಗಾಲಿಯ ಮೇಲೆ ನಿಂತಿತು. ಇಂಜಿನ್ ಚಾಲೂ ಮಾಡಿದಾಗ ಮಾಳಿಗೆಯ ಪಾರಿವಾಳಗಳು ಹಾರಿ ಸಂಜೆಯತನಕ ಮರಳಲಿಲ್ಲ. ಎರಡು ದಿನದ ನಂತರ ಮಧ್ಯಾಹ್ನ ಅಂಗಳದಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಗೌಡರ ಮನೆಯ ಪಂಢರಪುರಿ ಎಮ್ಮೆ ನೀರಿಗೆ ಹೋಗಿ ಮರಳಿ ಬಂತು. ಆ ತಳಿಯ ಕೋಡು ನೋಡಿದವರಿಗೆ ಗೊತ್ತು, ಕತ್ತಿಯ ಹಾಗೆ ಹಿಂದಕ್ಕೆ ಚಾಚಿ ಬೆನ್ನಿನವರೆಗೆ ಹೋಗಿರುತ್ತವೆ. ಇದರವು ಹಾಗೆ ಹಿಂದಕ್ಕೆ ಹೋಗದೆ ಎರಡೂ ಪಕ್ಕಕ್ಕೆ ಹರಡಿದ್ದವು. ಬಾಗಿಲಿಗೆ ಬಂದದ್ದೇ ಎಮ್ಮೆ ತಲೆ ಓರೆ ಮಾಡಿ, ಒಂದು ಕೋಡು ಮೊದಲು ಒಳಗೆ ಹಾಕಿ, ಆಮೇಲೆ ಇನ್ನೊಂದನ್ನು ಹೊಳ್ಳಿಸಿ ಒಳಗೆ ಬಂತು. ದಿನಕ್ಕೆ ಎರಡು ಸಲ ನೋಡುತ್ತಿದ್ದೆ ಅದನ್ನು. ಆ ದಿನ ಮಾತ್ರ ಕೈಯೊಳಗಿನ ಚಾ ಆರಿತು. ಆ ಎಮ್ಮೆಯ ಕೋಡಿನ ತುದಿಯಿಂದ ತುದಿಗೆ ನನ್ನ ಮೂರೂವರೆ ಮೊಳ ಇರುವುದು ಸಾಧ್ಯವೇ ಇರಲಿಲ್ಲ. ಆದರೂ ಅದು ನೇರ ಒಳಗೆ ಬರಲಾರದು ಅಂದರೆ, ಬಾಗಿಲೇ ಅಷ್ಟು ಅಗಲ ಇರಲಿಲ್ಲ.

ಯಾರೂ ಇಲ್ಲದಾಗ ಬಾಗಿಲಿಗೆ ಹೋಗಿ ಮೊಳಕೈ ಊರಿ ಅಳೆದೆ. ಮೂರು ಮೊಳ, ಮೇಲೆ ಎರಡು ಬೆರಳು. ಮತ್ತೆ ಅಳೆದೆ. ಅಷ್ಟೇ. ಗಾಡಿ ನಾಲ್ಕು ಬೆರಳು ಜಾಸ್ತಿಯಾಗಿತ್ತು.

ಅದಕ್ಕೆ ಉಪಾಯ ಇರಲಿಲ್ಲ ಅಂತಲ್ಲ. ಒಂದು ವಾರ ಕೂತು ಗಾಲಿ, ಅಚ್ಚು, ಇಂಜಿನ್ ಬಿಚ್ಚಿದರೆ ಬರೀ ಮೈ ಉಳಿಯುತ್ತದೆ. ಅದನ್ನು ಉರುಟು ಕಟ್ಟಿಗೆಗಳ ಮೇಲೆ ಜಾರಿಸಿ ಹೊರಗೆ ಒಯ್ಯಬಹುದು. ಯಾವ ಮಿಸ್ತ್ರಿಗಾದರೂ ತಿಳಿಯುವ ಮಾತು. ಆದರೆ ಬಿಚ್ಚಬೇಕು ಅಂದರೆ ಯಾಕೆ ಅಂತ ಹೇಳಬೇಕು. ಅಳತೆ ತಪ್ಪಿದೆ ಅಂತ ನನ್ನ ಬಾಯಿಂದ ಬರಬೇಕು, ಅದೂ ದರ್ಜಿಯವರ ಮಾತಾಡಿದ ಬಾಯಿಂದ. ತಾನಾಗಿ ಓಡಿ ಹೋಗುತ್ತದೆ ಅಂದ ಗಾಡಿ ಹೆಳವನ ಹಾಗೆ ನೆಲದ ಮೇಲೆ ಜಾರಿಕೊಂಡು ಹೋದರೆ ಮೂಲೆಯ ಜಾಗವೂ ಹೋಯಿತು.

ಹೇಳಲಿಲ್ಲ. ಗೌಡರು ಕೇಳಿದಾಗ ರೇಡಿಯೇಟರ್ ಸಣ್ಣದಾಯಿತು, ದೊಡ್ಡದು ಬೇಕು ಅಂದೆ. ಅದು ಬಂದ ಮೇಲೆ ಬ್ರೇಕು ನನಗೆ ಒಪ್ಪಿಗೆಯಾಗಲಿಲ್ಲ ಅಂದೆ. ಆಮೇಲೆ ಬಣ್ಣ. ಒಮ್ಮೆ ಕೆಂಪು ಹಚ್ಚಿ, ಕೆರೆದು, ಮತ್ತೆ ಕಪ್ಪು ಹಚ್ಚಿದೆ. ವಾಡೆಯ ಹೊರಗೆ ಗೋಡೆಗೆ ಹತ್ತಿ ಒಂದು ಹಳೇ ಟಾಂಗಾ ನಿಂತಿತ್ತು, ಕುದುರೆ ಇಲ್ಲ, ಬರೀ ಗಾಡಿ. ಬಣ್ಣದ ಡಬ್ಬಿಗಳನ್ನು ಅದರಲ್ಲಿ ಇಡುತ್ತಿದ್ದೆ. ಡಬ್ಬಿ ತರುವ ನೆವದಿಂದ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ನಿಂತು ರಸ್ತೆ ನೋಡುತ್ತಿದ್ದೆ. ಮೂಲೆಯಲ್ಲಿ ಯಾವುದೋ ಲಾರಿ ನಿಂತಿರುತ್ತಿತ್ತು, ಡ್ರೈವರ್ ಕೆಳಗೆ ಮಲಗಿ ತಾನೇ ಏನೋ ಬಡಿಯುತ್ತಿದ್ದ. ಬಡಿಯುವ ಸಪ್ಪಳದಿಂದಲೇ ಅವನು ತಪ್ಪು ಬೋಲ್ಟು ಬಡಿಯುತ್ತಿದ್ದಾನೆ ಅಂತ ತಿಳಿಯುತ್ತಿತ್ತು. ಕೈ ತುರಿಸುತ್ತಿದ್ದವು. ಬೇರೆ ಗಾಡಿ ಮುಟ್ಟುವಂತಿರಲಿಲ್ಲ. ಮತ್ತೆ ಡಬ್ಬಿ ಹಿಡಿದು ಆ ಬಾಗಿಲು ದಾಟಿ ಒಳಗೆ ಬರುತ್ತಿದ್ದೆ. ನನ್ನೊಬ್ಬನಿಗೆ ಅದು ಬಹಳ ಅಗಲವಾಗಿತ್ತು.

ಚಾದಂಗಡಿಗೆ ಹೋಗುವುದು ಬಿಟ್ಟೆ. ಹೋದ ಕೊನೆಯ ಸಲ ಒಬ್ಬ ಮುದುಕ ಎಲ್ಲರಿಗೂ ಕೇಳುವಂತೆ, “ಏನ್ ಮಿಸ್ತ್ರಿ, ಗಾಡಿ ಹಡೀತೋ ಇನ್ನೂ ಬ್ಯಾನಿ ತಿನ್ನಾಕತ್ತೈತೋ?” ಅಂದಿದ್ದ. ಅದೇ ದಿನ ಅಲ್ಲಿ ಇನ್ನೊಂದು ಮಾತೂ ಕಿವಿಗೆ ಬಿತ್ತು. ಸಿಂದಗಿಯ ನನ್ನ ಉಸ್ತಾದನೇ ಆ ಮೂಲೆಯ ಜಾಗವನ್ನು ಗೌಡರ ಹತ್ತಿರ ಕೇಳಿ ಹೋಗಿದ್ದನಂತೆ. ಮಿಸ್ತ್ರಿಯ ಗಾಡಿಯ ದಾರಿ ನೋಡೋಣ, ಆಗದಿದ್ದರೆ ನೀನೇ ಬಾ ಅಂದಿದ್ದರಂತೆ ಗೌಡರು.

ಒಂಬತ್ತನೇ ತಿಂಗಳಿಗೆ ಹೆಂಡತಿ ಬಂದಳು, ಕರೆಯದೆ. ಇಂಡಿಯಿಂದ ಮೂರು ಬಸ್ಸು ಬದಲಿಸಿ, ಶೇಂಗಾ ಹೋಳಿಗೆಯ ಗಂಟು ಹಿಡಿದುಕೊಂಡು. ಗೌಡರ ತಾಯಿ ಕೂರಿಸಿ ಉಣಿಸಿದರು. ನಾನು ಗಾಡಿ ತೋರಿಸಿದೆ. ಸುತ್ತ ಒಂದು ಸಲ ತಿರುಗಿದಳು. ಅಷ್ಟರಲ್ಲಿ ಎಮ್ಮೆ ಬಂತು. ಅವಳು ಎಮ್ಮೆಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತಳು, ಎಮ್ಮೆಯನ್ನು ನೋಡಿದಳು, ಬಾಗಿಲು ನೋಡಿದಳು, ಗಾಡಿ ನೋಡಿದಳು. ಬಸ್ಸಿಗೆ ಬಿಡಲು ಟಾಂಗಾದ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

“ನಾ ಒಂದ ಮಾತ ಅನ್ಲೇನ್ರಿ? ಸಿಟ್ಟಾಗಬಾರದು.”

“ಅನ್ನು.”

“ಎಮ್ಮಿ ಕುತಗಿ ಹೊಳ್ಳಿಸಿ ಬರತೈತಿ. ಇದಕ್ಕ ಕುತಗಿ ಇಲ್ಲಲ್ಲರಿ.”

ನಾನು ಸಿಟ್ಟಾದೆ. ಇಂಜಿನ್ನಿನ ವಿಷಯ ಹೆಂಗಸರಿಗೆ ಯಾಕೆ ಅಂದೆ. ಹೊರಗೆ ಒಯ್ಯುವುದು ಹೇಗೆ ಅಂತ ನನಗೆ ಗೊತ್ತು, ನಿನ್ನ ಅಪ್ಪ ನಿನ್ನನ್ನು ಚಾಡಿ ಹೇಳಲು ಕಳಿಸಿದ್ದಾನೆಯೇ ಅಂತ ಕೂಡ ಅಂದೆ. ಅವಳು ಗಂಟಿನ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಿಮ್ಮ ಜಾಗಾ ಆದಮ್ಯಾಲ ಕರೀರಿ,” ಅಂದಳು. “ಆಗಲಿಲ್ಲಂದ್ರೂ ಕರೀರಿ. ನಾ ಜಾಗಾ ನೋಡಿ ಲಗ್ನ ಆಗಿಲ್ಲ.”

ಬಸ್ಸು ಬಂತು, ಹೋಯಿತು. ಅದು ಹೋದ ಮೇಲೂ ಬಹಳ ಹೊತ್ತು ಆ ಟಾಂಗಾದ ಮೇಲೆ ಕೂತಿದ್ದೆ. ಉಸ್ತಾದ ಜಾಗ ಒಯ್ದರೆ ಮತ್ತೆ ಸಿಂದಗಿಗೆ ಹೋಗಿ ಅವನದೇ ತಗಡಿನ ಕೆಳಗೆ ಮಲಗಬೇಕು. ಸುಮ್ಮನಿದ್ದರೂ ಅದೇ ಗತಿ, ಹೇಳಿದರೂ ಅದೇ ಗತಿ. ಹೇಳಿದರೆ ಕನಿಷ್ಠ ಈ ಅಂಗಳದಿಂದ ಹೊರಗೆ ಬೀಳುತ್ತೇನೆ ಅನ್ನಿಸಿತು.

ಮರುದಿನ ಮುಂಜಾನೆ ಗೌಡರು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನಿಂತುಕೊಂಡೇ ಹೇಳಿದೆ.

“ಗೌಡ್ರ, ಗಾಡಿ ಬಾಗಲದಾಗ ಹಿಡಿಯಂಗಿಲ್ರಿ. ಅಳತಿ ತಪ್ಪೀನಿ.”

ಅಡಕತ್ತರಿ ನಿಂತಿತು. “ಎಷ್ಟ ತಪ್ಪೀ?”

“ನಾಕ ಬೆರಳ್ರಿ.”

ಗೌಡರು ಅಡಿಕೆಯ ಚೂರುಗಳನ್ನು ತಟ್ಟೆಯ ಒಂದು ಕಡೆಗೆ ಸರಿಸಿದರು. ಬೈಗಳಕ್ಕೆ ನಾನು ತಯಾರಾಗಿದ್ದೆ.

“ಗಾಲಿ ಹಚ್ಚಿದ ದಿನಾನ ನನಗ ಗೊತ್ತಾಗಿತ್ತು,” ಅಂದರು. “ಐವತ್ತ ವರ್ಷಾತು, ಈ ಬಾಗಲದಾಗ ಓಡ್ಯಾಡಾಕತ್ತು.”

ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ದನಿ ಜೋರಾಗಿಯೇ ಬಂದಿರಬೇಕು, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಬಸ್ಸಿನ ಡ್ರೈವರಗ ದೊಡ್ಡ ಮಾತ ಆಡಿ ಕುಂತೀನಿ,” ಅಂದರು ಗೌಡರು. “ಆ ಇಂಜಿನ್ನಿನ ಸಪ್ಪಳ ಕೇಳಿದ ದಿನ ನನ್ನ ಕೈಕಾಲ ತಣ್ಣಗಾದುವು. ನನಗ ಜೋರ ಹೊಡ್ಯಾಕ ಅಂಜಿಕಿ ಬರತೈತೋ ಮಿಸ್ತ್ರಿ. ಗಾಡಿ ಒಳಗ ಇರೂತನಕ ನನ್ನ ಮಾನಾನೂ ಒಳಗಿತ್ತು. ನೀ ರೇಡಿಯೇಟರ್ ಅಂದಿ, ನಾ ಹೂಂ ಅಂದೆ. ನೀ ಬಣ್ಣ ಅಂದಿ, ನಾ ಹೂಂ ಅಂದೆ.”

ಐದು ತಿಂಗಳು. ನಾನು ಒಳಗೊಳಗೇ ಸಾಯುತ್ತಿದ್ದಾಗ ಈ ಮನುಷ್ಯ ನನ್ನ ಸುಳ್ಳಿನ ನೆರಳಿನಲ್ಲಿ ಅಡಿಕೆ ಅಗಿಯುತ್ತಾ ಆರಾಮಾಗಿ ಕೂತಿದ್ದರು. ಹೊಡೆಯಬೇಕು ಅನ್ನುವಷ್ಟು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಮುಖ ನೋಡಿದರೆ ಅದು ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ಅಷ್ಟರಲ್ಲಿ ಅವರ ತಾಯಿ ಹಿಟ್ಟಿನ ಕೈಯಲ್ಲೇ ದೇವರ ಕೋಣೆಗೆ ಹೋಗಿ ಒಂದು ಕೋಲು ತಂದು ನನ್ನ ಮುಂದೆ ಇಟ್ಟರು. ಎಣ್ಣೆ ಕುಡಿದು ಕಪ್ಪಾದ ಸಾಗವಾನಿ ಕೋಲು, ನನ್ನ ಮೊಳಕೈಯಿಂದ ಹಿಡಿದರೆ ನಡುಬೆರಳಿನ ತುದಿಗೆ ಸುಮಾರು ಮೂರು ಬೆರಳಿನಷ್ಟು ಕಡಿಮೆ.

“ಇದ ನಮ್ಮ ಮಾವನ ಅಪ್ಪನ ಮೊಳ,” ಅಂದರು. “ಆಯದ ಕೋಲು. ಗಿಡ್ಡ ಮನಶ್ಯಾ ಇದ್ದ ಅಂವ. ಇದರಲೆ ಅಳದ್ರ ಬಾಗಲಾ ಮೂರೂವರಿ ಐತಿ, ಸುಳ್ಳಲ್ಲ. ನಮ್ಮನ್ಯಾವ್ರೂ ನಿನ್ನಂಗ ತಮ್ಮ ಮೊಳಾ ಹಾಕಿ ಟಾಂಗಾ ತಂದ್ರು. ಒಳಗ ಹೋಗಲಿಲ್ಲ. ಅದಕ್ಕ ಅದು ಇವತ್ತಿಗೂ ಹೊರಗ ನಿಂತೈತಿ. ಆಮ್ಯಾಲ ಬಾಗಲಕ್ಕ ಹಿಡಸೂವಂಥಾದ್ದ ಹುಡಿಕ್ಯಾಡಿ ಈ ಸಣ್ಣ ಕಾರ ತಂದ್ರು. ಮಗಾ ಅದನ್ನ ದೊಡ್ಡದ ಮಾಡಾಕ ನಿನ್ನ ಕರದ.”

ತಿಂಗಳುಗಟ್ಟಲೆ ಆ ಟಾಂಗಾದಲ್ಲಿ ಬಣ್ಣದ ಡಬ್ಬಿ ಇಟ್ಟಿದ್ದೆ. ಒಳ್ಳೆಯ ಸಾಗವಾನಿಯ ಗಾಡಿ ಬಿಸಿಲಲ್ಲಿ ಯಾಕೆ ನಿಂತಿದೆ ಅಂತ ಒಂದು ದಿನ ಕೇಳಿರಲಿಲ್ಲ.

ಬಿಚ್ಚಲು ಆರು ದಿನ ಹಿಡಿಯಿತು. ಆಳುಗಳು ಮೈಯನ್ನು ಹೆಗಲ ಮೇಲೆ ಹೊತ್ತು ಒಯ್ಯುತ್ತೇವೆ ಅಂದರು. ಗೌಡರ ತಾಯಿ ಬಿಡಲಿಲ್ಲ. ಈ ಬಾಗಿಲಲ್ಲಿ ಮಂದಿ ಹೊತ್ತುಕೊಂಡು ಹೊರಗೆ ಹೋಗುವುದು ಹೆಣ ಒಂದನ್ನೇ, ಅದಕ್ಕೆ ನಾನಿದ್ದೇನೆ ಅಂದರು. ಹಾಗಾಗಿ ಹೊಸ್ತಿಲಿಗೆ ಹಲಗೆ ಕೊಟ್ಟು, ಕೆಳಗೆ ಉರುಟು ಕಟ್ಟಿಗೆ ಹಾಕಿ, ಮತ್ತೆ ಎತ್ತು ಹೂಡಿದೆವು. ಚಾದಂಗಡಿಯ ಮಂದಿಯೆಲ್ಲ ಬಂದು ಗೋಡೆಗುಂಟ ನಿಂತಿದ್ದರು. ಬ್ಯಾನೆಯ ಮಾತಾಡಿದ ಮುದುಕ, ತಾನೇ ಓಡುತ್ತದೆ ಅಂದಿದ್ದೆಯಲ್ಲ ಅಂತ ಕೇಳಿದ. ಅಳತೆ ತಪ್ಪಿದೆ ಅಂದೆ. ಅವನು ತಲೆಯಾಡಿಸಿ ಎತ್ತಿನ ಹಗ್ಗಕ್ಕೆ ಕೈ ಹಚ್ಚಿದ. ಅಷ್ಟಕ್ಕೇ ಮುಗಿದು ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮಾತು ಮುರಿದವನು ನಾನು, ಮೂಲೆಯ ಜಾಗ ನನಗೆ ಬೇಡ ಅಂತ ಗೌಡರಿಗೆ ಹೇಳಿದೆ. ಅವರು ಬಿಚ್ಚಿದ ಸಾಮಾನಿನ ರಾಶಿ ನೋಡಿದರು. ಇದನ್ನು ಎಲ್ಲಿಯಾದರೂ ಇಟ್ಟು ಜೋಡಿಸಬೇಕಲ್ಲ, ಸದ್ಯಕ್ಕೆ ಮೂಲೆಯಲ್ಲಿ ಹಾಕು ಅಂದರು. ಜೋಡಿಸುವುದು ಮುಗಿಯುವತನಕ ಯಾರಿಗೂ ಕೊಡುವುದಿಲ್ಲ, ಅವಸರ ಮಾಡಬೇಡ ಅಂತಲೂ ಅಂದರು. ಅವರಿಗೆ ಅವಸರ ಯಾಕೆ ಇರುತ್ತದೆ.

ಬೇವಿನ ಗಿಡದ ಕೆಳಗೆ ನಾಲ್ಕು ಕಂಬ ನೆಟ್ಟು ತಗಡು ಹಾಕಿದೆ. ಎರಡನೇ ದಿನವೇ ಒಂದು ಸಿಮೆಂಟಿನ ಲಾರಿ ಬಂದು ನಿಂತಿತು. ಈಗ ಬೇರೆ ಗಾಡಿ ಮುಟ್ಟಬೇಡ ಅನ್ನುವವರು ಯಾರೂ ಇರಲಿಲ್ಲ. ಹಗಲು ಲಾರಿ ಕೆಲಸ, ಕೈ ಬಿಡುವಾದಾಗ ಗೌಡರ ಗಾಡಿ. ಹೀಗಾಗಿ ಅದನ್ನು ಪೂರಾ ಜೋಡಿಸಲು ಒಂದು ವರ್ಷವೇ ಹಿಡಿಯಿತು. ಮುಗಿದ ಮೇಲೆ ಗೌಡರನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ಹೊಡೆದೆ. ಮುದ್ದೇಬಿಹಾಳ ಇನ್ನೂ ಎರಡು ಹರದಾರಿ ಇರುವಾಗ ಬಸ್ಸನ್ನು ಹಿಂದೆ ಹಾಕಿದೆ. ಡ್ರೈವರ್ ಹಾರ್ನ್ ಹೊಡೆದು ಕೈ ಎತ್ತಿದ. ಗೌಡರು ಅದನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಎರಡೂ ಕೈಯಿಂದ ಸೀಟು ಹಿಡಿದಿದ್ದರು. ಮೂಲೆ ಬಿಟ್ಟುಕೊಡು ಅಂತ ಅವರು ಆಮೇಲೆ ಯಾವತ್ತೂ ಕೇಳಲಿಲ್ಲ. ಆ ಗಾಡಿ ಆಮೇಲೆ ಬಹಳ ಓಡಲಿಲ್ಲ. ಅದರ ಇಂಜಿನ್ ಗೌಡರ ಬಾವಿಯ ಮೇಲೆ ಎಷ್ಟೋ ವರ್ಷ ನೀರು ಎತ್ತಿತು.

ಹೆಂಡತಿಯನ್ನು ಕರೆಯಲು ಇಂಡಿಗೆ ಹೋದದ್ದು ಬಸ್ಸಿನಲ್ಲಿ, ತಗಡು ಹಾಕಿದ ತಿಂಗಳಲ್ಲೇ. ನೀನಂದದ್ದು ಖರೆ ಇತ್ತು ಅಂತ ಮಾವನ ಮುಂದೆಯೇ ಹೇಳಿದೆ. ಅವಳು ಬಂದು ಗ್ಯಾರೇಜು ನೋಡಿ, ಮೂರು ಕಡೆ ಗೋಡೆ ಏರಿಸಿ ಮುಂದುಗಡೆ ಹಾಗೇ ಬಿಟ್ಟದ್ದನ್ನು ನೋಡಿ, ಕಳ್ಳರು ಬಂದರೆ ಏನು ಮಾಡುತ್ತೀರಿ ಅಂದಳು. ಅಲ್ಲಿ ಹೊರಸು ಹಾಕಿಕೊಂಡು ಮಲಗುತ್ತೇನೆ ಅಂದೆ. ಮಲಗಿದೆ ಕೂಡ. ಲಾರಿ ಸಲೀಸಾಗಿ ಒಳಗೆ ಬರಲಿ ಅಂತ ಹಾಗೆ ಬಿಟ್ಟಿದ್ದೇನೆ ಅಂತ ಮಂದಿ ತಿಳಿದಿದ್ದಾರೆ. ಇವತ್ತಿಗೂ ನನ್ನ ಗ್ಯಾರೇಜಿಗೆ ಮುಂದಿನ ಗೋಡೆ ಇಲ್ಲ.